ಎಂಜಿನ್ನಿನ ಮೇಲಿನ ತೂತಿನ ಪೈಸೆ

ಮಂಜಗುಣಿಯಿಂದ ಗಂಗಾವಳಿ ಹೊಳೆ ದಾಟುತ್ತ ದೋಣಿಯಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಎಂಜಿನ್ ಮತ್ತೆ ಶುರುವಾಗಿದೆ, ಅದಕ್ಕೇ ಬರೆಯುವ ಧೈರ್ಯ ಬಂದಿದೆ.

ಎಂಜಿನ್ನಿನ ಮುಚ್ಚಳದ ಬೋಲ್ಟಿಗೆ ವಾಷರ್ ಆಗಿ ಕೂತಿತ್ತು, ಬ್ರಿಟಿಷರ ಕಾಲದ ಒಂದು ತೂತಿನ ಪೈಸೆ. ಹಳೆಯ ನಾಣ್ಯ ಕಂಡರೆ ನನಗೆ ಸುಮ್ಮನಿರಲು ಆಗುವುದಿಲ್ಲ. "ಇದು ಅಸಲಿಯೋ ನಕಲಿಯೋ ಹೇಳೋಕೆ ಇನ್ನೊಂದು ಮಗ್ಗುಲು ನೋಡಬೇಕು," ಎಂದುಬಿಟ್ಟೆ. ದೋಣಿ ನಡೆಸುವ ಗಣಪತಿಗೂ ಬಹಳ ದಿನದಿಂದ ಅದೇ ಅನುಮಾನವಿತ್ತಂತೆ. ನಡುಹೊಳೆಯಲ್ಲೇ ಎಂಜಿನ್ ನಿಲ್ಲಿಸಿ, ಬೋಲ್ಟ್ ಬಿಚ್ಚಿ, ಎಣ್ಣೆ ಒರೆಸಿ ಪೈಸೆಯನ್ನು ನನ್ನ ಅಂಗೈಗಿಟ್ಟ.

ಇಳಿತದ ಸೆಳೆತಕ್ಕೆ ದೋಣಿ ಮೆಲ್ಲಗೆ ಸಮುದ್ರದ ಕಡೆ ತಿರುಗಿತು.

"ಅಯ್ಯೋ ತಮ್ಮಾ, ಪೇಟೆ ಮುಗಿದ್ಮೇಲೆ ನನ್ನ ಬಂಗಡೆ ಯಾರು ತಕಂತಾರೋ?" ಎಂದು ಮೀನಿನ ಬುಟ್ಟಿ ಹಿಡಿದು ಕೂತಿದ್ದ ಹೆಂಗಸು ಕೂಗಿದಳು. "ಅವ್ರು ಅದನ್ನ ದಡಕ್ಕೆ ಹೋಗಿ ನೋಡ್ಲಿ!"

ನಾನು ಭೂತಗನ್ನಡಿ ಹಿಡಿದು ಆದಷ್ಟು ಬೇಗ ನೋಡಿದೆ. ಪೈಸೆ ಅಸಲಿಯೇ. ಆದರೆ ಬೋಲ್ಟಿನಡಿ ತಿಕ್ಕಿ ತಿಕ್ಕಿ ಕಿರೀಟವೂ ಇಸವಿಯೂ ಸವೆದುಹೋಗಿದ್ದವು. "ಇಂಥವು ಬೇಕಾದಷ್ಟು ಸಿಗ್ತವೆ. ಬೆಲೆ ಏನೂ ಬರೋದಿಲ್ಲ," ಎಂದು ಸಂಕೋಚದಿಂದಲೇ ಹೇಳಿದೆ.

ಗಣಪತಿಯ ಮುಖ ಅರಳಿತು. ಪೈಸೆಯನ್ನು ಮತ್ತೆ ಬೋಲ್ಟಿಗೆ ತೂರಿಸಿ ಬಿಗಿ ಮಾಡಿದ.

"ನೀವು ಭೂತಗನ್ನಡಿ ತೆಗೆದಾಗ ನಂಗೆ ಎದೆ ಧಸಕ್ಕಂತು ಮಾರಾಯ್ರೆ. ಬೆಲೆ ಬಂದಿದ್ರೆ ಇದನ್ನ ಮನೇಲಿ ತೆಗ್ದಿಟ್ಟು, ವಾಷರ್ ತರೂಕೆ ಅಂಕೋಲೆಗೆ ಹೋಗ್ಬೇಕಾಗಿತ್ತು!"