ಕೋಟೆ ಬಾಗಿಲಲ್ಲಿ ಹೆಸರು ಕೂಗಿದ್ದು

ಮೊನ್ನೆ ಅಟ್ಟ ಗುಡಿಸಲು ಹತ್ತಿದಾಗ ಬಾವಲಿ ಹಿಕ್ಕೆಯ ಘಾಟು ಮೂಗಿಗೆ ಬಡಿಯಿತು. ಪೊರಕೆ ಹಿಡಿದವಳು ಹಾಗೇ ಕೂತುಬಿಟ್ಟೆ. ಚನ್ನರಾಯನದುರ್ಗದ ಕೋಟೆ ಬಾಗಿಲಲ್ಲಿ ಇದೇ ವಾಸನೆ, ಅದರ ಕೆಳಗೆ ತಾತ... ಮಹಾರಾಜರ ಕಾಲ ಅದು. ನನಗಾಗ ಹತ್ತು ವರ್ಷವಿರಬೇಕು.

ತಾತ ನಮಗೆ ನೆಂಟರೇನಲ್ಲ, ಅವರ ಹಿರಿಯರು ಕೋಟೆಯ ಕಾವಲಿನವರಂತೆ. ಕಾಯಲು ಅಲ್ಲಿ ಏನೂ ಉಳಿದಿರಲಿಲ್ಲ, ಆದರೂ ಇವರು ಜಾಗ ಬಿಟ್ಟಿರಲಿಲ್ಲ. ಬೆಟ್ಟ ಇಳಿದವರು ಬಾಗಿಲು ದಾಟುವಾಗ ತಮ್ಮ ಹೆಸರನ್ನು ತಾವೇ ಕೂಗಿ 'ಬಂದೆ' ಅನ್ನಬೇಕು. ಇಲ್ಲದಿದ್ದರೆ ಮೈ ಮಾತ್ರ ಇಳಿಯುತ್ತದೆ, ಜೀವ ಮೇಲೇ ಉಳಿಯುತ್ತದೆ ಎಂದು ಊರಿಗೆಲ್ಲ ನಂಬಿಕೆ. ಗೌಡರ ಮನೆಯವರೂ ಕೂಗುತ್ತಿದ್ದರು, ದನ ಕಾಯುವವರೂ ಕೂಗುತ್ತಿದ್ದರು.

ಒಂದು ಮಧ್ಯಾಹ್ನ ಪುಟ್ಟ ತಂಗಿ ಗೌರಿಯನ್ನು ಕರೆದುಕೊಂಡು ಸೀತಾಫಲಕ್ಕೆ ಹೋಗಿದ್ದೆ. ಇಳಿಯುವಾಗ ಅವಳು ನನ್ನ ಕಂಕುಳಲ್ಲೇ ನಿದ್ದೆ ಹೋದಳು. ಎಬ್ಬಿಸಿದರೆ ರಂಪ ಮಾಡುತ್ತಾಳೆ ಎಂದು, ಅತಿಬುದ್ಧಿವಂತೆ ನಾನು, ಅವಳ ಹೆಸರನ್ನೂ ನಾನೇ ಕೂಗಿಬಿಟ್ಟೆ: "ಗೌರಿ ಬಂದ್ಲು!"

ತಾತ ದಡಕ್ಕನೆ ಎದ್ದರು. "ಅಯ್ಯೋ, ಎಂಥ ಕೆಲ್ಸ ಮಾಡ್ಬುಟ್ಟೆ ಕಣಮ್ಮ! ಅವ್ಳ್ ಬಾಯಲ್ಲೇ ಬರ್ಬೇಕಿತ್ತು."

ಅಲುಗಿಸಿದಾಗ ಗೌರಿ ಕಣ್ಣು ಬಿಟ್ಟಳು, ಬಾಯಿ ಬಿಡಲಿಲ್ಲ. ಮೂರು ದಿನ ಹಾಗೇ. ಉಸಿರಿತ್ತು, ಕರೆದರೆ ಓಗೊಡುತ್ತಿರಲಿಲ್ಲ, ತುತ್ತು ನುಂಗುತ್ತಿರಲಿಲ್ಲ. ಅಮ್ಮನ ಮುಖ ನೋಡಲಾಗದೆ ಓಡಿಹೋಗಿ ತಾತನ ಕಾಲು ಹಿಡಿದೆ.

"ಅಳ್ಬೇಡ ಬುಡು. ನಾನೇ ಹೋಗಿ ಕರ್ಕೊಂಡ್ ಬತ್ತೀನಿ," ಎಂದು ಕೋಲೂರಿಕೊಂಡು ಹತ್ತಿದರು.

ಮೇಲಿಂದ "ಗೌರೀ... ಬಾರವ್ವಾ..." ಎಂಬ ಕೂಗು ಬಹಳ ಹೊತ್ತು ಕೇಳುತ್ತಿತ್ತು. ಆಮೇಲೆ, ಆ ಕೂಗಿಗೆ 'ಊಂ' ಎನ್ನುವ ಸಣ್ಣ ದನಿ. ಇಳಿದು ಬಂದಾಗ ಅವರ ಬಲಗೈ ಯಾರದೋ ಎಳೆ ಬೆರಳು ಹಿಡಿದಂತೆ ಮಡಿಚಿತ್ತು. ಬಾಗಿಲಲ್ಲಿ ಬಗ್ಗಿ, "ಹೇಳವ್ವ," ಎಂದರು. 'ಗೌರಿ ಬಂದೆ' ಎಂದು ನನ್ನ ಸೊಂಟದ ಮಟ್ಟದಿಂದ ಕೇಳಿಸಿತು. ಅಲ್ಲಿ ನಾವಿಬ್ಬರೇ ಇದ್ದೆವು.

ಬಿದ್ದೆನೋ ಎದ್ದೆನೋ ಎಂದು ಮನೆಗೆ ಓಡಿದರೆ ಗೌರಿ ಎದ್ದು ಕೂತು ಮುದ್ದೆ ಕೇಳುತ್ತಿದ್ದಳು.

ಆ ಗಡಿಬಿಡಿಯಲ್ಲಿ ತಾತ ತಮ್ಮ ಹೆಸರು ಕೂಗಿರಲಿಲ್ಲ. ಮಾರನೆಯ ದಿನ ಬಾಗಿಲಲ್ಲಿ ಕೂತಿದ್ದರು, ಕಣ್ಣು ಬಿಟ್ಟುಕೊಂಡು, ಮಾತಿಲ್ಲದೆ. ಬೆಟ್ಟ ಹತ್ತಿ ಕರೆಯೋಣ ಎಂದು ಊರವರು ಹೊರಟರು.

"ಏನಂತ ಕೂಗೋದ್ಲಾ?" ಎಂದ ಅಪ್ಪ.

ಗೌರಿಗಾಗಿ ಹೋಗುವ ಮುಂಚೆ ತಾತ ಬೆಟ್ಟ ಹತ್ತಿದ್ದನ್ನೇ ಯಾರೂ ಕಂಡವರಲ್ಲ, ಹೆಸರು ಕೂಗಿದ್ದನ್ನು ಎಲ್ಲಿ ಕೇಳುವುದು? ಊರಿಗೆಲ್ಲ ಅವರು ತಾತ, ಅಷ್ಟೇ. 'ತಾತಾ' ಎಂದೇ ಸಂಜೆವರೆಗೂ ಕೂಗಿದರು. ವಾರದೊಳಗೆ ಅವರ ಉಸಿರು ನಿಂತಿತು.

ಗೌರಿಗೀಗ ಮೊಮ್ಮಕ್ಕಳು. ನನ್ನ ತಪ್ಪಿಗೆ ತಾತ ಹೋದರು, ಈ ಸಂಕಟ ನನ್ನೊಂದಿಗೇ ಹೋಗಬೇಕು. ಹೋದ ವರ್ಷ ಅಲ್ಲಿಗೆ ಹೋದಾಗ, ನೋಡಿದವರು ಏನಾದರೂ ಅಂದುಕೊಳ್ಳಲಿ ಎಂದು, ಬಾಗಿಲಲ್ಲಿ ನಿಂತು ಬೆಟ್ಟದ ಕಡೆ ಕೂಗಿದೆ. ರಂಗಪ್ಪ, ನಂಜಪ್ಪ, ತಿಮ್ಮಯ್ಯ, ಈರಣ್ಣ... ತೋಚಿದ ಹೆಸರನ್ನೆಲ್ಲ ಕೂಗಿದೆ. ಯಾವುದಕ್ಕೂ ಯಾರೂ ಓಗೊಡಲಿಲ್ಲ.