ಓರೆಯಾಗಿ ಏರಿದ ಗಾಡಿ

ನೆಲಕ್ಕೆ ತಗ್ಗಿದ ಆ ಕೆಂಪು ಕಾರಿಗೆ ನಾನು ಕೊಟ್ಟದ್ದು ಎರಡು ಲಕ್ಷ ಎಂಬತ್ತು ಸಾವಿರ. ಮಡಗಾಂವಿನ ಯಜಮಾನ ಕೇಳಿದ್ದು ನಾಲ್ಕೂವರೆ. ಅಷ್ಟು ಇಳಿದದ್ದು ನನ್ನ ಬಾಯಿಯ ಜೋರಿನಿಂದ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ. ನಿಜವಾಗಿ ಇಳಿಸಿದ್ದು ಗಾಡಿಯ ಹೊಟ್ಟೆ. ಕಿವಿರು ಎತ್ತಿ ನೋಡದೆ ಮೀನಿಗೆ ಬೆಲೆ ಹೇಳಿದವಳಲ್ಲ ನಾನು. ಸೆರಗು ಸಿಕ್ಕಿಸಿ, ನೆಲಕ್ಕೆ ಕೂತು, ಬಗ್ಗಿ ಅಡಿ ನೋಡಿದೆ. ಮುಂದಿನ ಬಂಪರಿನ ಕೆಳತುಟಿ ಪೂರಾ ಕೆರೆದುಹೋಗಿತ್ತು. ಆಮೇಲೆ ಆತನ ಗೇಟಿನ ಏರು ನೋಡಿದೆ. ಸಿಮೆಂಟಿನ ಮೇಲೆ ಉದ್ದುದ್ದ ಕೆಂಪು ಗೆರೆಗಳು.

"ಸ್ವಂತ ಮನೆಯೊಳಗೇ ಹೋಗದ ಗಾಡಿಗೆ ನಾಲ್ಕೂವರೆಯೇ?" ಎಂದೆ.

ಆತ ನನ್ನ ಸೀರೆ, ಬಳೆ ಎಲ್ಲ ನೋಡಿ, ಇದು ಮೀನು ಹೇರುವ ಗಾಡಿ ಅಲ್ಲ ಅಮ್ಮ, ಎಂದು ಕೊಂಕಣಿಯಲ್ಲಿ ಹೇಳಿದ. ಆ ಮಾತಿಗೆಂದೇ ಇನ್ನೂ ಇಪ್ಪತ್ತು ಸಾವಿರ ಇಳಿಸಿದೆ.

ನನ್ನ ಮನೆಯ ಏರು ಆತನದಕ್ಕಿಂತ ಕಡಿದು ಎಂಬುದು ಆಗ ನೆನಪಾಗಲಿಲ್ಲವೇ ಎಂದು ಕೇಳುತ್ತಾರೆ. ನೆನಪಾಯಿತು. ಆದರೂ ಕೊಂಡೆ. ಹದಿನಾರನೇ ವಯಸ್ಸಿಗೆ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತವಳು ನಾನು. ಬಸ್ಸಿನಲ್ಲಿ ಹಿಂದಿನ ಬಾಗಿಲ ಹತ್ತಿರ ನಿಲ್ಲಿಸುತ್ತಿದ್ದರು, ನೀರು ಸೋರುತ್ತದೆಂದು. ಆಮೇಲೆ ಟೆಂಪೋ ಕೊಂಡೆ, ಓಡಿಸಲು ಕಲಿತೆ, ಕಾರವಾರದ ಮೀನು ಪೇಟೆಗೆ ಐಸು ಹಾಕುವ ವ್ಯಾಪಾರ ಹಿಡಿದೆ. ಅಲ್ಲಿಯವರೆಗೆ ಕೊಂಡ ಗಾಡಿಗಳೆಲ್ಲ ಮೀನಿನವು. ಎರಡೇ ಸೀಟಿನ ಈ ಗಾಡಿಯಲ್ಲಿ ಒಂದು ಬುಟ್ಟಿ ಇಡಲೂ ಜಾಗವಿರಲಿಲ್ಲ. ಅದಕ್ಕೇ ಕೊಂಡೆ.

ನಮ್ಮ ಮನೆ ಅಂಕೋಲೆಯಿಂದ ಬೇಲೆಕೇರಿಗೆ ಹೋಗುವ ದಾರಿಯಲ್ಲಿ. ಮಳೆಗಾಲದಲ್ಲಿ ರಸ್ತೆಯ ನೀರು ನುಗ್ಗಬಾರದೆಂದು ಅಂಗಳವನ್ನು ಚಿರೇಕಲ್ಲು ಕಟ್ಟಿ ಎತ್ತರಿಸಿದ್ದೆವು. ರಸ್ತೆಯಿಂದ ಅಂಗಳಕ್ಕೆ ನೆಟ್ಟಗೆ ಒಂದು ಸಿಮೆಂಟಿನ ಏರು, ನಮ್ಮ ಮಾತಿನಲ್ಲಿ ಚಡಾವು, ಟೆಂಪೋ ಹತ್ತಲೆಂದು ಮಾಡಿಸಿದ್ದು. ಎಡಕ್ಕೆ ನನ್ನ ಗಂಡನ ಅಣ್ಣನ ಮನೆ. ಅವರ ಪಾಗಾರದ, ಎಂದರೆ ಕಂಪೌಂಡು ಗೋಡೆಯ, ಮೂಲೆ ನಮ್ಮ ಏರಿನ ಬುಡಕ್ಕೇ ಬಂದು ನಿಂತಿತ್ತು.

ಸಂಜೆ ಗಾಡಿ ತಂದು ನಿಲ್ಲಿಸಿದಾಗ ಮೊದಲು ಬಂದವರು ವೈನಿ, ಭಾವನ ಹೆಂಡತಿ. ಸುತ್ತ ಒಂದು ಸಲ ನಡೆದು ನೋಡಿದರು. "ಇದೆಂತದೇ, ಲೇಪೆ ಮೀನು ತಂದ್ಯೇ? ಮರಳಿಗೆ ಹೊಟ್ಟೆ ಹಚ್ಕಂಡೇ ಮನಿಕಂಡದೆ."

ನೇರಕ್ಕೆ ಹತ್ತಿಸಿದೆ. ಮುಂದಿನ ಚಕ್ರ ಏರಿಗೆ ತಾಗುವ ಮೊದಲೇ ಬಂಪರಿನ ತುಟಿ ತಾಗಿತು. ಆ ಸದ್ದು ಕೇಳಿ ಭಾವ ಊಟದ ಕೈಯಲ್ಲೇ ಹೊರಬಂದರು.

"ಮನಿಗೆ ಬರೂಕಾಗದ ಗಾಡಿ ಎಂತಕ್ಕೆ ಮಾರಾಯ್ತಿ?"

"ನಿಮ್ಮ ಬೋಟು ಮನಿಗೆ ಬರ್ತದ್ಯಾ ಭಾವ?"

"ಬರೂದಿಲ್ಲ. ಆದ್ರೆ ಅದ್ರಿಂದ ಅನ್ನ ಬರ್ತದೆ. ಇದ್ರಿಂದ ಎಂತಾ ಬರ್ತದೆ?"

ನಾನು ಗಾಡಿಯನ್ನು ಹಿಂದಕ್ಕೆ ತೆಗೆದು ರಸ್ತೆಬದಿಗೆ ನಿಲ್ಲಿಸಿದೆ.

ಆದರೆ ಅದನ್ನು ಅಲ್ಲೇ ಬಿಡುವಂತಿರಲಿಲ್ಲ. ಬಂದರಿಗೆ ಅದಿರು ಹೊತ್ತ ಲಾರಿಗಳು ಹಗಲೂ ರಾತ್ರಿ ಮೈಗೆ ಉಜ್ಜಿದಂತೆ ಹೋಗುತ್ತಿದ್ದ ಕಾಲ ಅದು. ಮಳೆ ಹಿಡಿದರೆ ರಸ್ತೆಯ ನೀರು ಈ ಗಾಡಿಯ ಸೀಟಿನವರೆಗೆ ಬರುವುದು ಖಾತ್ರಿ. ನನ್ನ ಗಂಡ ಹೆಚ್ಚು ಮಾತಿನವನಲ್ಲ. "ಮಳೆ ಬೀಳೂದ್ರೊಳ್ಗೆ ಅಂಗಳಕ್ಕೆ ಹತ್ಸು. ಇಲ್ಲಾಂದ್ರೆ ಕೊಟ್ಬಿಡು," ಎಂದ. ಅರ್ಧ ಬೆಲೆಗೆ ಕೊಳ್ಳುವ ದಲ್ಲಾಳಿಯೊಬ್ಬನನ್ನು ಭಾವ ಆಗಲೇ ಗೊತ್ತು ಮಾಡಿಟ್ಟಿದ್ದರು. ಅರ್ಧ ಬೆಲೆಗೆ ಮಾರುವುದು, ಅದೂ ನಾನು!

ಮಾರನೇ ದಿನ ಎಲ್ಲರೂ ಸೇರಿ ಒಂದು ಉಪಾಯ ಮಾಡಿದೆವು. ದೋಣಿಯನ್ನು ದಂಡೆಗೆ ಎಳೆಯುವಾಗ ಅಡಿಗೆ ಹಲಗೆ ಹಾಸುತ್ತೇವಲ್ಲ, ಹಾಗೆಯೇ ಏರಿನ ಬುಡಕ್ಕೂ ಹಾಸಿದರೆ ಏರು ಅಷ್ಟು ಕಡಿದಾಗಿರುವುದಿಲ್ಲ. ಹಲಗೆ ಕೊಟ್ಟವರು ಭಾವನೇ. ಬೈದರೂ ಹಲಗೆ ಕೊಡದಿರುವ ಜನ ಅಲ್ಲ ನಮ್ಮವರು. ಮುಂದಿನ ಚಕ್ರ ಚೆನ್ನಾಗಿಯೇ ಏರಿತು. ಹಿಂದಿನದು ಹಲಗೆಗೆ ಬಂದದ್ದೇ ಗರಗರ ತಿರುಗಿತು, ಗಾಡಿ ಹಿಂದಕ್ಕೆ ಜಾರಿ, ಈ ಸಲ ಹೊಟ್ಟೆಯನ್ನೂ ಕೆರೆಸಿಕೊಂಡಿತು. ದೋಣಿ ಸಲೀಸಾಗಿ ಜಾರಲೆಂದು ಆ ಹಲಗೆಗಳಿಗೆ ವರ್ಷಗಟ್ಟಲೆ ತಾರ್ಲೆ ಮೀನಿನ ಎಣ್ಣೆ ಕುಡಿಸಿದ್ದೆವು. ಸಮುದ್ರದವರಿಗೆ ಹಲಗೆ ಎಂದರೆ ಜಾರಿಸುವ ವಸ್ತು. ಚಕ್ರಕ್ಕೆ ಬೇಕಾದದ್ದು ಹಿಡಿತ. ಅಷ್ಟು ತಲೆಗಳಲ್ಲಿ ಒಂದಕ್ಕೂ ಇದು ಹೊಳೆದಿರಲಿಲ್ಲ.

"ಟಯರಿಗೂ ಈಗ ತಾರ್ಲೆ ವಾಸನೆ ಹತ್ತಿತು. ಮೀನಿನ ಗಾಡಿ ಆಯ್ತಲಾ," ಎಂದರು ವೈನಿ.

ಬಾಳೆಗುಳಿಯ ಗ್ಯಾರೇಜಿನಲ್ಲಿ ಸಡಿಲಾಗಿದ್ದ ಬಂಪರ್ ಬಿಗಿಸಿಕೊಂಡು ಬರುವಾಗ ನನಗೆ ನನ್ನ ಬುಟ್ಟಿಯ ದಿನಗಳು ನೆನಪಾದವು. ತೋಡೂರಿನ ಕಡೆ ಗುಡ್ಡದ ಮನೆಗಳಿಗೆ ಮೀನು ಹೊತ್ತು ಹೋಗುತ್ತಿದ್ದೆ. ತುಂಬಿದ ಬುಟ್ಟಿ ಹೊತ್ತವಳು ಗುಡ್ಡವನ್ನು ನೆಟ್ಟಗೆ ಹತ್ತುವುದಿಲ್ಲ. ಓರೆಯಾಗಿ ಹತ್ತುತ್ತಾಳೆ, ಒಂದು ಕಾಲು ಮೇಲೆ ನಿಂತ ಮೇಲೆ ಇನ್ನೊಂದು. ಗಾಡಿಯನ್ನೂ ಹಾಗೆ ಹತ್ತಿಸಿದರೆ? ಒಂದು ಚಕ್ರ ಮೊದಲು ಏರಿಗೆ ಹತ್ತಿ ಆ ಬದಿಯ ಮೂತಿಯನ್ನು ಎತ್ತಿಬಿಡುತ್ತದೆ, ಮತ್ತೊಂದು ಹಿಂದಿನಿಂದ ಬರುತ್ತದೆ. ಮನೆಗೆ ಬಂದು ನಿಂತು ನೋಡಿದೆ. ಎಡದಿಂದ ಓರೆಯಾಗಿ ಬಂದರೆ ಆಗುತ್ತದೆ. ಚಕ್ರ ಹೋಗಬೇಕಾದ ಜಾಗದಲ್ಲಿ ಮಾತ್ರ ಭಾವನ ಪಾಗಾರದ ಮೂಲೆ.

"ಅಪ್ಪನ ಕಾಲದ ಪಾಗಾರ ಅದು," ಎಂದರು ಭಾವ. "ಒಂದು ಕಲ್ಲೂ ತೆಗೂಕೆ ಬಿಡೂದಿಲ್ಲ."

ವ್ಯಾಪಾರದಲ್ಲಿ ಬಾಗಿಲು ಮುಚ್ಚಿದವನ ಜೊತೆ ಚೌಕಾಸಿ ಮಾಡಬಾರದು. ಕೀಲಿ ಯಾರ ಸೊಂಟದಲ್ಲಿದೆ ಎಂದು ನೋಡಬೇಕು. ವೈನಿ ಒಣಮೀನು ಮಾಡಿ ಮಾರುತ್ತಿದ್ದರು. ಅವರ ಹಿತ್ತಲಿಗೆ ತೆಂಗಿನ ನೆರಳು, ಮೀನು ಸರಿಯಾಗಿ ಒಣಗುತ್ತಿರಲಿಲ್ಲ. ಭಾವ ಬೋಟು ನಿಲ್ಲುವ ದಕ್ಕೆಗೆ ಹೋದದ್ದು ನೋಡಿ ನಾನು ವೈನಿಯ ಅಡುಗೆಮನೆಗೆ ಹೋದೆ.

"ವೈನಿ, ನಮ್ಮ ಚಡಾವಿಗೆ ಬೆಳಿಗ್ಗಿಂದ ಸಂಜಿತನಕ ಬಿಸ್ಲು. ನೀವೇ ಮೀನು ಒಣಗ್ಸಿ. ನಂಗೆ ಪಾಗಾರದ ಮೂಲಿ ಬಿಟ್ಕೊಡಿ."

ವೈನಿ ಕಾಯಿ ತುರಿಯುತ್ತಲೇ ಇದ್ದರು. "ಚಡಾವೊಂದೇ ಸಾಲೂದಿಲ್ಲ. ಮೇಲಿನ ಅಂಗಳನೂ ಕೊಡು."

"ಅಂಗಳ್ದಾಗೆ ಗಾಡಿ ಎಲ್ಲಿ ನಿಲ್ಸೂದು?"

"ಹಂಗಾರೆ ಅರ್ಧ."

"ಕಾಲು."

"ಕಾಲು ಆಗ್ಲಿ. ಆದ್ರೆ ನಿನ್ನ ಲೇಪೆ ಬಂತು ಹೇಳಿ ನಾ ಓಡಿ ಬಂದು ಮೀನು ತೆಗೂದಿಲ್ಲ. ನೀನೇ ಇಳಿ, ನೀನೇ ತೆಗಿ."

ಪೇಟೆಯಲ್ಲಿ ನನ್ನನ್ನು ಇಷ್ಟು ಹಿಂಡಿದವರು ಕಡಿಮೆ. ಒಪ್ಪಿದೆ. ಪಿಕಾಸಿ ತಂದು ಮೊದಲ ಕಲ್ಲು ಎಬ್ಬಿಸಿದವರೂ ವೈನಿಯೇ. ಭಾವ ಬಂದು ನೋಡಿದಾಗ ಮೂಲೆ ಇರಲಿಲ್ಲ.

"ಯಾರ ಕೇಳಿ ತೆಗ್ದದ್ದು?"

"ಪಾಗಾರ ನಿಮ್ಮ ಅಪ್ಪಂದು, ಒಣಮೀನು ನಂದು," ಎಂದರು ವೈನಿ, ಕಲ್ಲುಗಳನ್ನು ಒಂದರ ಮೇಲೊಂದು ಇಡುತ್ತ.

ಸಮುದ್ರದ ಮೇಲೆ ಆಗಲೇ ಮೋಡ ಕಟ್ಟುತ್ತಿತ್ತು. ಗಂಡ ನೆಲಕ್ಕೆ ಅಡ್ಡ ಮಲಗಿ ಗಾಡಿಯ ಅಡಿ ನೋಡುತ್ತಿದ್ದ. ಹಿಂದಿದ್ದ ಸಾಮಾನು, ಬದಲಿ ಚಕ್ರ ಎಲ್ಲ ಇಳಿಸಿ, ನಾನೊಬ್ಬಳೇ ಕೂತು, ಓರೆಯಾಗಿ, ಬುಡದಲ್ಲಿ ಬ್ರೇಕು ಮುಟ್ಟದೆ, ಇರುವೆ ನಡೆದಂತೆ ಬಿಟ್ಟೆ. ಎಡಚಕ್ರ ಏರಿತು. ಬಲಚಕ್ರ ಏರಿತು. ಅಂಗಳ ಸೇರುವ ನೆತ್ತಿಯ ಮೇಲೆ ಗಂಡನ ಕೈ ಎದ್ದಿತು, ನಿಂತೆ. ಆತ ಅಂಗೈಯನ್ನು ಹೊಟ್ಟೆಯಡಿ ತೂರಿಸಿ ನೋಡಿ, ಬಾ ಎಂದು ಸನ್ನೆ ಮಾಡಿದ. ಮುಂದೆ ಬಿಟ್ಟೆ. ಸದ್ದಿಲ್ಲ.

ಭಾವ ತಮ್ಮ ಮೆಟ್ಟಿಲ ಮೇಲಿಂದ, "ಹತ್ತಿದ್ದು ಸಮಾ. ಇಳೂದು ಹೆಂಗೆ?" ಎಂದರು.

"ಹತ್ತಿದ ಹಂಗೇ, ಭಾವ. ದಲ್ಲಾಳಿಗೆ ಬರೂದು ಬೇಡ ಹೇಳಿ."

ಎಂಟು ವರ್ಷ ಅದನ್ನು ಓಡಿಸಿದೆ. ಮಳೆ ಬಿಟ್ಟ ತಿಂಗಳುಗಳಲ್ಲಿ ಏರಿನ ಬುಡದಲ್ಲಿ ಇಳಿದು, ವೈನಿಯ ಮೀನು ಸರಿಸಿ, ಮತ್ತೆ ಹತ್ತಿ ಮನೆ ಸೇರುತ್ತಿದ್ದೆ. ಮಡಗಾಂವಿನವನು ನೋಡಿದ್ದರೆ ನಗುತ್ತಿದ್ದ. ನಗಲಿ, ಅವನ ಮನೆಗೆ ಆ ಗಾಡಿ ಹೋಗಿಯೇ ಇರಲಿಲ್ಲ.

ನಿಮಗೂ ಇಂಥ ಗಾಡಿಯ ಮೇಲೆ ಆಸೆಯಿದ್ದರೆ ಬೇಡ ಎನ್ನುವವರ ಮಾತು ಕೇಳಬೇಡಿ, ಆದರೆ ಹಣ ಕೊಡುವ ಮೊದಲು ಅದರ ಅಡಿ ನೋಡಿ, ಆಮೇಲೆ ನಿಮ್ಮ ಮನೆಯ ಏರು ನೋಡಿ. ಏರನ್ನು ನೆಟ್ಟಗೆ ಹತ್ತಬೇಡಿ, ನೆಟ್ಟಗೆ ಇಳಿಯಲೂ ಬೇಡಿ. ಬುಡದಲ್ಲಿ ಬ್ರೇಕು ಒತ್ತಿದರೆ ಮೂತಿ ತಗ್ಗುತ್ತದೆ. ನಿಧಾನ ಮಾಡುವುದನ್ನು ಅದಕ್ಕೂ ಮೊದಲೇ ಮಾಡಿ. ಜೊತೆಗಿದ್ದವರನ್ನು ಇಳಿಸಿ, ಅವರಿಗೆ ಬೇಸರವಾದರೆ ಆಗಲಿ, ಒಬ್ಬರನ್ನು ಅಡಿ ನೋಡಲು ಮಲಗಿಸಿ. ಹಲಗೆ ಹಾಕುವುದಾದರೆ ಒರಟು ಹಲಗೆ ಹಾಕಿ, ಎಣ್ಣೆ ಕುಡಿದದ್ದು ಬೇಡ. ಓರೆಗೆ ಜಾಗ ಸಾಲದಿದ್ದರೆ ಪಕ್ಕದ ಮನೆಯವರ ಹತ್ತಿರ ಕೇಳಿ. ಕೇಳುವ ಮೊದಲು ಅವರ ಮೀನು ಎಲ್ಲಿ ಒಣಗುತ್ತಿಲ್ಲ ಎಂದು ನೋಡಿಕೊಂಡು ಹೋಗಿ.