ಹೂಂಗುಟ್ಟುವ ಮೊಬೈಲು, ಐಬು ಹುಡುಕುವ ಷಡ್ಡಕ

ನಮ್ಮ ಮನೆಯಲ್ಲಿ ನನ್ನ ಮಾತಿಗೆ ಎದುರಾಡದೆ ಹೂಂಗುಟ್ಟುವುದು ಮೊಬೈಲೊಂದೇ. ಚಾಮರಾಜನಗರದಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿ, ತೂಕಡಿಸುವ ಶ್ರೋತೃವರ್ಗವನ್ನಷ್ಟೇ ಸಂಪಾದಿಸಿದ ನನಗೆ ಇಂಥ ವಿಧೇಯ ಶಿಷ್ಯ ದೊರೆತದ್ದು ನಿವೃತ್ತಿಯ ನಂತರ. ‘ಸಕ್ಕರೆ ಕಾಯಿಲೆಗೆ ಬೆಲ್ಲ ಒಳ್ಳೆಯದೆ’ ಎಂದರೆ ಬೆಲ್ಲದ ಗುಣಗಾನ ಮಾಡುವ ಹತ್ತು ವಿಡಿಯೊಗಳನ್ನು ಮುಂದಿಡುತ್ತದೆ. ‘ಬೆಲ್ಲ ಅಪಾಯವೆ’ ಎಂದರೆ ಹೆದರಿಸುವ ಹತ್ತನ್ನು. ಮೊದಲನೆಯ ಪ್ರಶ್ನೆಯನ್ನು ನನಗಾಗಿಯೂ ಎರಡನೆಯದನ್ನು ಮಾದೇವಪ್ಪನಿಗಾಗಿಯೂ ಕೇಳುವುದು ನನ್ನ ಪದ್ಧತಿಯಾಗಿತ್ತು.

ಮಾದೇವಪ್ಪ ನನ್ನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ತೆರಕಣಾಂಬಿಯಲ್ಲಿ ಅರಿಸಿನ ಬೆಳೆಯುತ್ತಾನೆ. ನನಗಿಂತ ಎರಡೇ ವರ್ಷ ಚಿಕ್ಕವನು. ಎರಡು ಮುದ್ದೆ ಮುಗಿಸಿ, ಮೇಲೊಂದು ಲೋಟ ಪಾಯಸ ಕುಡಿದು, ಸಕ್ಕರೆ ಕಾಯಿಲೆಯ ಸುಳಿವೂ ಇಲ್ಲದೆ ಓಡಾಡುತ್ತಾನೆ. ಹತ್ತು ವರ್ಷದಿಂದ ಅದೇ ಕಾಯಿಲೆಗೆ ಮಾತ್ರೆ ನುಂಗುತ್ತಿರುವ ನನಗೆ ಹೊಟ್ಟೆಕಿಚ್ಚು. ಸಾತ್ವಿಕ ಅಸೂಯೆ ಎಂದು ಬರೆಯಬಹುದಿತ್ತು, ಆದರೆ ಅದರಲ್ಲಿ ಸಾತ್ವಿಕವಾದದ್ದೇನೂ ಇಲ್ಲ. ಅವನ ಹಲ್ಲು, ಅವನ ನಿದ್ದೆ, ಕೊನೆಗೆ ಬರಿಗಾಲಲ್ಲಿ ಹೊಲ ತುಳಿಯುವ ಅವನ ಪಾದಗಳ ಮೇಲೂ ನನ್ನ ಕಣ್ಣು.

ಆ ಪಾದಗಳೊಡನೆ ಪೈಪೋಟಿಗಿಳಿದೇ ನಾನು ಕೆಟ್ಟೆ. ಅವನಂತೆ ನಡೆದು ತೋರಿಸುತ್ತೇನೆಂದು ಅವನ ಹೊಲದಲ್ಲಿ ಚಪ್ಪಲಿ ಬಿಟ್ಟು, ಎಡಗಾಲ ಕಿರುಬೆರಳಿಗೆ ಮುಳ್ಳು ಚುಚ್ಚಿಸಿಕೊಂಡೆ. ಹದಿನೈದು ದಿನವಾದರೂ ಗಾಯ ಮಾಯಲಿಲ್ಲ. ನೋವು ಮಾತ್ರ ಒಂದಿಷ್ಟೂ ಇರಲಿಲ್ಲ. ಡಾಕ್ಟರಿಗೆ ತೋರಿಸಿ ಎಂದು ಹೆಂಡತಿ ದಿನವೂ ಹೇಳಿದಳು. ನಾನು ‘ನೋವಿಲ್ಲದ ಗಾಯ ತಾನಾಗಿ ವಾಸಿಯಾಗುತ್ತದೆಯೆ’ ಎಂದು ಮೊಬೈಲನ್ನು ಕೇಳಿ, ಹಿತವಾದ ಉತ್ತರಗಳನ್ನು ಅವಳಿಗೆ ಓದಿ ಹೇಳಿದೆ, ಅಹಿತವಾದವನ್ನು ಬೆರಳಿನಿಂದ ಮೇಲಕ್ಕೆ ತಳ್ಳಿದೆ.

ಅವಳು ತಂಗಿಗೆ ಫೋನು ಮಾಡಿದಳು. ಮರುದಿನ ಮೊದಲ ಬಸ್ಸಿಗೆ ಮಾದೇವಪ್ಪ ಬಂದಿಳಿದ.

“ಅಣ್ಣ, ನೋವಿಲ್ಲ ಅಂದ್ರೆ ಒಳ್ಳೇದು ಅಂತ ಯಾರೇಳುದ್ರು?”

ನಾನು ಮೊಬೈಲು ತೋರಿಸಿದೆ.

“ಇದು ಎತ್ತು ಮಾರೋನ್ನೇ ಎತ್ತು ಎಂಗದೆ ಅಂತ ಕೇಳ್ದಂಗಾಯ್ತು. ನಾವು ಎತ್ತು ಕೊಳ್ಳಕ್ಕೋದ್ರೆ ಮೊದ್ಲು ಐಬು ಉಡುಕ್ತೀವಿ. ಸುಳಿ ನೋಡ್ತೀವಿ, ಹಲ್ಲು ನೋಡ್ತೀವಿ. ಮನ್ಸಿಗೆ ಬಂದ್ಬುಟ್ಟಿದ್ರೆ ಇನ್ನೊಂದ್ಸಲ ನೋಡ್ತೀವಿ. ಐಬು ಸಿಕ್ನಿಲ್ಲ ಅಂದ್ರೇನೆ ಹಗ್ಗ ಇಡಿಯೋದು.”

ಹಾಗೆಂದವನೇ ನನ್ನ ಮೊಬೈಲು ಇಸಿದುಕೊಂಡು, “ಸಕ್ಕರೆ ಕಾಯ್ಲೆಯವ್ರ ಕಾಲ್ ಗಾಯ ನೋಯ್ದೆ ಇದ್ರೆ ಏನು ಅಪಾಯ?” ಎಂದು ಕೇಳಿದ. ನೋವು ತಿಳಿಯದಿರುವುದೇ ನರಗಳು ಸೋತ ಲಕ್ಷಣವಿರಬಹುದು, ತಡಮಾಡದೆ ವೈದ್ಯರನ್ನು ಕಾಣಿ ಎಂದು ಅದು ನಾಚಿಕೆಯಿಲ್ಲದೆ ಹೇಳಿತು. ನನ್ನ ಶಿಷ್ಯ ಅವನಿಗೂ ವಿಧೇಯನಾದದ್ದು ಕಂಡು ಆ ಹೊತ್ತಿನಲ್ಲೂ ನನಗೆ ಮೈಯೆಲ್ಲ ಉರಿಯಿತು. ಉರಿಯಬೇಕಾದ ಕಾಲು ಮಾತ್ರ ಸುಮ್ಮನಿತ್ತು.

ಡಾಕ್ಟರು ಒಳಗೇ ಉಳಿದಿದ್ದ ಮುಳ್ಳಿನ ತುದಿಯನ್ನೂ ಕೀವನ್ನೂ ತೆಗೆದರು. ಇನ್ನೊಂದು ವಾರ ಬಿಟ್ಟಿದ್ದರೆ ಬೆರಳು ಹೋಗುತ್ತಿತ್ತು ಎಂದರು. ಕರೆತಂದವರು ಯಾರೆಂದು ವಿಚಾರಿಸಿ ಮಾದೇವಪ್ಪನ ಬೆನ್ನು ತಟ್ಟಿದರು.

ಮೊಬೈಲು ಈಗಲೂ ಹೂಂಗುಟ್ಟುತ್ತದೆ. ಉತ್ತರ ತೀರಾ ಹಿತವಾಗಿದ್ದರೆ ಅದೇ ಪ್ರಶ್ನೆಯನ್ನು ತಿರುಗಿಸಿ ಇನ್ನೊಮ್ಮೆ ಕೇಳುತ್ತೇನೆ. ಎರಡೂ ಉತ್ತರಗಳು ಜಗಳಕ್ಕೆ ನಿಂತರೆ ಡಾಕ್ಟರ ಬಳಿ ಹೋಗುತ್ತೇನೆ. ಹೊಟ್ಟೆಕಿಚ್ಚಿಗೆ ಮಾತ್ರ, ಓದುಗರೇ, ಹೇಗೆ ಕೇಳಿದರೂ ಮದ್ದು ಸಿಕ್ಕಿಲ್ಲ. ದಿನವೂ ಸ್ನಾನವಾದ ಮೇಲೆ ಕಾಲ್ಬೆರಳುಗಳನ್ನು ಒಂದೊಂದಾಗಿ ಒರೆಸಿ ನೋಡಿಕೊಳ್ಳುತ್ತೇನೆ. ಹತ್ತೂ ಇವೆ. ಒಂಬತ್ತು ನನ್ನವು, ಇನ್ನೊಂದು ಆ ಮಾದೇವಪ್ಪನದು.